ಕಾಕಂಬಿಯಿಂದ ಕಾರಿನವರೆಗೆ

ಕಬ್ಬು ಅರೆಯುವ ಕಾಲದಲ್ಲಿ ರೈಲಿನಲ್ಲಿ ಮಂಡ್ಯವನ್ನು ಹಾದು ಮೈಸೂರಿಗೆ ಹೋಗಿಬರುತ್ತಿದ್ದ ಹಿರಿಯರಿಗೆ ಒಂದು ವಾಸನೆ ನೆನಪಿದ್ದೀತು. ಬೆಲ್ಲದ ಸಿಹಿಯೂ ಅಲ್ಲದ, ಹುದುಗಿದ ಹಿಟ್ಟಿನ ಹುಳಿಯೂ ಅಲ್ಲದ, ಎರಡರ ನಡುವೆ ಎಲ್ಲಿಯೋ ನಿಂತ ಆ ವಾಸನೆ ಕಿಟಕಿಯಿಂದ ಒಳನುಗ್ಗಿತೆಂದರೆ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅದು ಕಾಕಂಬಿಯ ವಾಸನೆ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾದಂದಿನಿಂದ ಆ ಊರಿಗೂ ಈ ಕಪ್ಪು ಪಾಕಕ್ಕೂ ಬಿಡದ ನಂಟು. ರಸದಿಂದ ಸಕ್ಕರೆ ಹರಳುಗಟ್ಟಿ ಬೇರೆಯಾದ ಮೇಲೆ, ಇನ್ನು ಹರಳಾಗಲಾರೆನೆಂದು ಹಟ ಹಿಡಿದು ಉಳಿಯುವ ಅಂಶವೇ ಕಾಕಂಬಿ. ಅದಕ್ಕೆ ನೀರು ಸೇರಿಸಿ, ಯೀಸ್ಟ್ ಬೆರೆಸಿ, ಹುದುಗಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ದೊರೆಯುತ್ತದೆ. ರಸಾಯನಶಾಸ್ತ್ರಜ್ಞರು ಅದನ್ನೇ ಎಥನಾಲ್ ಎನ್ನುತ್ತಾರೆ. ಕುಡಿಯುವವರೂ ಅಬಕಾರಿ ಇಲಾಖೆಯವರೂ ಬಹುಕಾಲದಿಂದ ಬಲ್ಲ ಈ ದ್ರವ ಮೋಟಾರನ್ನೂ ಓಡಿಸಬಲ್ಲದೆಂಬುದು ಇತ್ತೀಚಿನ ಶೋಧವೇನಲ್ಲ. ಪೆಟ್ರೋಲಿಗೆ ಮದ್ಯಸಾರ ಬೆರೆಸುವುದಕ್ಕೆಂದು 1948ರಲ್ಲಿಯೇ ನಮ್ಮಲ್ಲಿ ಕಾನೂನೊಂದಾಗಿತ್ತು. ಅರ್ಧ ಶತಮಾನ ಅದು ಹೆಚ್ಚು ಸದ್ದಿಲ್ಲದೆ ಪುಸ್ತಕದಲ್ಲಿ ಮಲಗಿದ್ದು 2000ದಲ್ಲಿ ರದ್ದಾಯಿತು. ರದ್ದಾದ ಮೂರೇ ವರ್ಷಕ್ಕೆ, 2003ರಲ್ಲಿ, ಶೇಕಡಾ 5ರ ಬೆರಕೆ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಮೊದಲಾಯಿತೆಂಬುದು ಸರ್ಕಾರಿ ವ್ಯವಹಾರಗಳ ಒಂದು ತಮಾಷೆ.

ಪೀಣ್ಯವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ಸಾಗಿದರೆ ಮಾದಾವರದ ಬಳಿ ದೊಡ್ಡ ವಸ್ತುಪ್ರದರ್ಶನ ಕೇಂದ್ರವೊಂದಿದೆ. 2023ರ ಫೆಬ್ರವರಿ 6ರಂದು ಅಲ್ಲಿ ನಡೆದ ಇಂಧನ ಸಮ್ಮೇಳನದಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಮಂತ್ರಿಗಳು ದೇಶಕ್ಕೆ ಬಿಡುಗಡೆ ಮಾಡಿದರು. ಮರುವರ್ಷದ ಮಾರ್ಚಿಯಲ್ಲಿ ‘ಎಥನಾಲ್ 100’ ಎಂಬ ಹೆಸರಿನ, ಬಹುಪಾಲು ಎಥನಾಲೇ ಆಗಿರುವ ಇಂಧನವು ಕರ್ನಾಟಕವೂ ಸೇರಿದಂತೆ ಐದು ಕಡೆಗಳ 183 ಬಂಕುಗಳಿಗೆ ಬಂತು. ಹೆಸರಿನಲ್ಲಿ ನೂರು ಇದ್ದರೂ ಅದರಲ್ಲಿ ಎಥನಾಲ್ ಶೇಕಡಾ 93ರಷ್ಟು. ಉಳಿದದ್ದು ಸ್ವಲ್ಪ ಪೆಟ್ರೋಲು, ಎರಡನ್ನೂ ಒಗ್ಗೂಡಿಸುವ ಇನ್ನೊಂದು ದ್ರವ.

ಈಗ ಒಂದು ಕಲ್ಪನೆ ಮಾಡೋಣ. ಪೀಣ್ಯದ ಯಾವುದೋ ಅಡ್ಡರಸ್ತೆ. ಲೇತು ಯಂತ್ರಗಳ ಸದ್ದಿನ ನಡುವೆ ತಗಡು ಹೊದೆಸಿದ ಒಂದು ಷೆಡ್ಡು. ಅಲ್ಲಿಗೆ ಒಬ್ಬ ತರುಣ ತನ್ನ ಎರಡು ಬಾಗಿಲಿನ, ನೆಲಕ್ಕೆ ಅಂಟಿದಂತಿರುವ ಕ್ರೀಡಾಕಾರನ್ನು ತಂದು, ಇದನ್ನು ಎಥನಾಲಿನಲ್ಲಿ ಓಡಿಸಬೇಕು ಎನ್ನುತ್ತಾನೆ. ಷೆಡ್ಡಿನ ಯಜಮಾನ ಏನೇನು ಯೋಚಿಸಬೇಕಾದೀತು?

ಮೊದಲನೆಯದು ಶಾಖದ ಲೆಕ್ಕ. ಒಂದು ಲೀಟರು ಪೆಟ್ರೋಲು ಉರಿದಾಗ ಕೊಡುವ ಶಾಖದ ಸುಮಾರು ಮೂರನೆಯ ಎರಡು ಭಾಗವನ್ನಷ್ಟೆ ಒಂದು ಲೀಟರು ಎಥನಾಲು ಕೊಡುತ್ತದೆ. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಮನೆಮಾಡಿಕೊಂಡಿರುವುದೇ ಇದಕ್ಕೆ ಕಾರಣ. ಅರ್ಧ ಉರಿದ ಸೌದೆಯೆಂದರೂ ತಪ್ಪಲ್ಲ. ಹಾಗಾದರೆ ಇಂಥ ಬಡ ಇಂಧನದ ಹಿಂದೆ ಓಟಗಾರರು ಏಕೆ ಬೀಳುತ್ತಾರೆ? ಅಮೆರಿಕದ ಇಂಡಿ ಪಂದ್ಯದ ಕಾರುಗಳು 2007ರಲ್ಲಿ ಎಥನಾಲಿಗೆ ಏಕೆ ಬದಲಾದವು?

ಒಗಟಿನ ಉತ್ತರ ಗಾಳಿಯಲ್ಲಿದೆ. ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಇಂಧನವಲ್ಲ, ಅದು ಒಂದು ಉಸಿರಿಗೆ ಎಳೆದುಕೊಳ್ಳಬಲ್ಲ ಗಾಳಿ. ಒಂದು ತೂಕ ಪೆಟ್ರೋಲು ಸರಿಯಾಗಿ ಉರಿಯಲು 14.7 ತೂಕ ಗಾಳಿ ಬೇಕು. ಎಥನಾಲಿಗೆ 9 ತೂಕ ಸಾಕು. ಅಂದರೆ ಅಷ್ಟೇ ಗಾಳಿಯ ಜೊತೆಗೆ ಒಂದೂವರೆ ಪಾಲಿಗಿಂತ ಹೆಚ್ಚು ಎಥನಾಲನ್ನು ಉರಿಸಬಹುದು. ಆಗ ಒಟ್ಟು ಶಾಖ ಪೆಟ್ರೋಲಿಗೆ ಸರಿಸಮವಾಗುತ್ತದೆ. ಇದು ಸಮಬಲದ ಮಾತಾಯಿತು. ಗೆಲುವು ಬರುವುದು ಮುಂದಿನ ಎರಡು ಗುಣಗಳಿಂದ. ಸ್ಪಿರಿಟನ್ನು ಅಂಗೈಗೆ ಹಚ್ಚಿಕೊಂಡವರೆಲ್ಲರಿಗೂ ಆ ತಂಪಿನ ಅರಿವುಂಟು. ಆವಿಯಾಗುವಾಗ ಎಥನಾಲು ಸುತ್ತಲಿನ ಶಾಖವನ್ನು ಪೆಟ್ರೋಲಿಗಿಂತ ಎರಡೂವರೆ ಪಾಲು ಹೀರುತ್ತದೆ. ಸಿಲಿಂಡರಿಗೆ ಹೋಗುವ ಇಂಧನವೂ ಹೆಚ್ಚಾದ್ದರಿಂದ ಒಟ್ಟು ತಂಪು ಸುಮಾರು ನಾಲ್ಕರಷ್ಟು. ತಂಪಾದ ಗಾಳಿ ಕುಗ್ಗುತ್ತದೆ, ಇನ್ನಷ್ಟು ಗಾಳಿಗೆ ಎಡೆಯಾಗುತ್ತದೆ. ಎರಡನೆಯ ಗುಣ ತಾಳ್ಮೆ. ಪೆಟ್ರೋಲಿನ ಆವಿಯನ್ನು ಹೆಚ್ಚು ಒತ್ತಿದರೆ ಕಿಡಿ ಹಾರುವ ಮೊದಲೇ ಅಥವಾ ತಪ್ಪಾದ ಮೂಲೆಯಲ್ಲಿ ತಾನೇ ಸಿಡಿದು, ಎಂಜಿನ್ನಿನ ಒಳಗೆ ಸುತ್ತಿಗೆಯ ಪೆಟ್ಟಿನಂಥ ಸದ್ದು ಹೊರಡುತ್ತದೆ. ಪಿಸ್ಟನ್ನು ತೂತಾಗುವುದೂ ಉಂಟು. ಈ ತಾಳ್ಮೆಯನ್ನು ಆಕ್ಟೇನ್ ಸಂಖ್ಯೆಯಿಂದ ಅಳೆಯುತ್ತಾರೆ. ನಮ್ಮ ಸಾಮಾನ್ಯ ಪೆಟ್ರೋಲಿಗೆ ಅದು ತೊಂಬತ್ತರ ಆಚೀಚೆ ಇದ್ದರೆ ಎಥನಾಲಿಗೆ 108ರ ಸಮೀಪ. ಹೀಗಾಗಿ ಗಾಳಿಯನ್ನು ಟರ್ಬೊ ಯಂತ್ರದಿಂದ ಇನ್ನೂ ಒತ್ತಿ ತುಂಬಬಹುದು. ಕಿಡಿಯನ್ನು ಇನ್ನೂ ಮುಂಚೆ ಹಾರಿಸಬಹುದು. ಕ್ರೀಡಾಕಾರಿನ ಒಡೆಯನ ಆಸೆಗೆ ಆಧಾರ ಇದು.

ಆದರೆ ಷೆಡ್ಡಿನ ಯಜಮಾನನ ಕೆಲಸ ಇಲ್ಲಿಂದ ಶುರು. ಒಂದೂವರೆ ಪಾಲು ಇಂಧನ ಹೋಗಬೇಕಾದರೆ ಹಳೆಯ ಇಂಜೆಕ್ಟರುಗಳ ಬಾಯಿ ಚಿಕ್ಕದಾಯಿತು, ಪಂಪು ಸೋತಿತು, ಎರಡನ್ನೂ ಬದಲಿಸಬೇಕು. ಹಳೆಯ ರಬ್ಬರು ಕೊಳವೆಗಳು ಎಥನಾಲಿನಲ್ಲಿ ನೆನೆದು ಉಬ್ಬುತ್ತವೆ, ಬಿರಿಯುತ್ತವೆ. ಅಲ್ಯುಮಿನಿಯಂ, ಸತುವಿನ ಭಾಗಗಳನ್ನು ಅದು ಮೆಲ್ಲನೆ ತಿನ್ನುತ್ತದೆ. ತೊಟ್ಟಿಯ ತಳದಲ್ಲಿ ವರ್ಷಗಟ್ಟಲೆ ಕುಳಿತಿದ್ದ ಕೊಳೆಯನ್ನೆಲ್ಲ ಕಿತ್ತು ಸೋಸುಗಕ್ಕೆ ತಂದು ತುಂಬುತ್ತದೆ. ಎಂಜಿನ್ನಿನ ಗಣಕಕ್ಕೆ ಹೊಸ ಲೆಕ್ಕ ಕಲಿಸಬೇಕು. ಇಂದು ತೊಟ್ಟಿಯಲ್ಲಿ ಇರುವುದು ಶೇಕಡಾ 20ರ ಬೆರಕೆಯೋ 93ರದೋ ಎಂದು ತಿಳಿಯದಿದ್ದರೆ ಆ ಲೆಕ್ಕವೂ ಹಾಳು. ಅದಕ್ಕಾಗಿ, ದ್ರವದ ವಿದ್ಯುದ್ಗುಣವನ್ನು ಅಳೆದು ಎಥನಾಲಿನ ಪ್ರಮಾಣ ಹೇಳುವ ಸಂವೇದಕವನ್ನು ಕೊಳವೆಯ ಮಧ್ಯೆ ಕೂರಿಸುತ್ತಾರೆ. ಇದನ್ನು ಬಿಟ್ಟು, ಬಂಕಿಗೆ ಹೋಗಿ ತೊಟ್ಟಿ ತುಂಬಿಸಿಕೊಂಡು ಓಡಿಸಿಯೇಬಿಡೋಣ ಎನ್ನುವವರೂ ಇದ್ದಾರೆ. ಅಂಥ ಕಾರು ಪೂರ್ಣ ವೇಗದಲ್ಲಿ ಇಂಧನ ಸಾಲದೆ ಬಿಸಿಯೇರಿ ಸುಟ್ಟುಕೊಳ್ಳುವುದಕ್ಕೆ ಬಹಳ ಹೊತ್ತು ಬೇಡ.

ಚಳಿಯದೂ ಒಂದು ಪೀಡೆ. 13 ಡಿಗ್ರಿಯ ಆಸುಪಾಸಿಗೆ ಇಳಿದರೆ ಶುದ್ಧ ಎಥನಾಲು ಹೊತ್ತಿಕೊಳ್ಳುವಷ್ಟು ಆವಿಯನ್ನೇ ಬಿಡುವುದಿಲ್ಲ. ತೈಲದ ಬಿಕ್ಕಟ್ಟಿನ ಬಿಸಿ ತಟ್ಟಿದ ಬ್ರೆಜಿಲ್ 1975ರಲ್ಲಿ ಎಥನಾಲ್ ಯೋಜನೆಯನ್ನು ಕೈಗೊಂಡು 1979ರಲ್ಲಿ ಫಿಯಟ್ 147 ಎಂಬ ಎಥನಾಲ್ ಕಾರನ್ನು ರಸ್ತೆಗಿಳಿಸಿತಷ್ಟೆ. ಅಲ್ಲಿನ ಎಥನಾಲ್ ಕಾರುಗಳಲ್ಲಿ ಬೆಳಗಿನ ಚಾಲನೆಗೆಂದೇ ಪುಟ್ಟದೊಂದು ಪೆಟ್ರೋಲ್ ತೊಟ್ಟಿಯನ್ನು ಇಡುತ್ತಿದ್ದರು. ಜನವರಿಯ ಮುಂಜಾವಿನಲ್ಲಿ ವೈಟ್‌ಫೀಲ್ಡಿನವರಿಗೂ ಆ ಪುಟ್ಟ ತೊಟ್ಟಿ ನೆನಪಾದರೆ ಆಶ್ಚರ್ಯವಿಲ್ಲ.

ಷೆಡ್ಡಿನಲ್ಲಿ ಮಾಡುವುದನ್ನು ಕಾರ್ಖಾನೆಯಲ್ಲಿಯೇ ಮಾಡಿದರೆ? ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ, ಅತ್ತಿಬೆಲೆಯ ಗಡಿಯಾಚೆ ಹೊಸೂರಿನಲ್ಲಿ ನೆಲೆಸಿದ ಟಿವಿಎಸ್ ಕಂಪನಿ 2019ರ ಜುಲೈನಲ್ಲಿ ಎಥನಾಲಿನಲ್ಲಿಯೇ ಓಡುವ ಅಪಾಚೆ ಮೋಟಾರ್ ಸೈಕಲ್ಲನ್ನು ಹೊರತಂದಿತು. ಕಬ್ಬಿನ ನಾಡುಗಳಾದ ಮಹಾರಾಷ್ಟ್ರ, ಉತ್ತರ ಪ್ರದೇಶ, ಕರ್ನಾಟಕಗಳಿಗೆಂದು ಮೊದಲು ಉದ್ದೇಶಿಸಿದ ವಾಹನ ಅದು. ಆದರೆ ನಮ್ಮ ಬಂಕುಗಳಲ್ಲಿ ಆ ಇಂಧನವೇ ಆಗ ಇರಲಿಲ್ಲ. ಮದುವಣಿಗ ಬಂದ, ಮಂಟಪವಿಲ್ಲ. 2023ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಪ್ರದರ್ಶಿತವಾದ, ಶೇಕಡಾ 85ರ ಎಥನಾಲಿನಲ್ಲಿ ಓಡಬಲ್ಲ ಇನೋವಾದ ಮಾದರಿ ನಮ್ಮ ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಂಪನಿಯದು.

ಷೆಡ್ಡಿನ ತರುಣನಿಗೆ ಇನ್ನೊಂದು ತೊಡಕಿದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಅವನ ಕಾರಿಗೆ ಪಂದ್ಯದ ಅಂಕಣವೇ ಗತಿ, ಹೊರವರ್ತುಲ ರಸ್ತೆಯಲ್ಲ.

ಆದರೆ ಕಾರನ್ನು ಮಾರ್ಪಡಿಸುವ ಬಯಕೆಯೇ ಇಲ್ಲದ ಗೃಹಸ್ಥನೂ ಇಂದು ಶೇಕಡಾ 20ರ ಬೆರಕೆಯನ್ನು ತುಂಬಿಸಿಕೊಳ್ಳುತ್ತಿದ್ದಾನೆ. ಶೇಕಡಾ 10ಕ್ಕೆಂದು ಹೊಂದಿಸಿದ ಹಳೆಯ ಕಾರುಗಳಲ್ಲಿ ಮೈಲೇಜು ಶೇಕಡಾ 6ರಿಂದ 7 ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿದೆ. ಅದೇ ವರದಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಬೇರೊಂದು ಅಂಕಿ: ಕಬ್ಬಿನಿಂದ ಒಂದು ಲೀಟರು ಎಥನಾಲ್ ಮಾಡಲು ಸುಮಾರು 2,860 ಲೀಟರು ನೀರು. ಕಾಕಂಬಿ ಹೇಗೂ ಸಕ್ಕರೆಯ ಉಳಿಕೆ, ಅದರ ಮೇಲೆ ಇಡೀ ಹೊರೆಯನ್ನು ಹೇರುವುದು ನ್ಯಾಯವಲ್ಲವೆಂದು ವಾದಿಸಬಹುದು. ಆದರೆ ಎಥನಾಲಿಗೆಂದೇ ಕಬ್ಬಿನ ರಸವನ್ನು ತಿರುಗಿಸಿದಾಗ ಆ ವಾದ ನಿಲ್ಲದು. 2023ರ ಡಿಸೆಂಬರಿನಲ್ಲಿ, ಸಕ್ಕರೆಗೆ ಕೊರತೆಯಾದೀತೆಂಬ ಅಂಜಿಕೆಯಿಂದ, ಕೇಂದ್ರ ಸರ್ಕಾರವೇ ಆ ರಸಕ್ಕೆ ತಡೆ ಹಾಕಿ ಮುಂದೆ ಸಡಿಲಿಸಬೇಕಾಯಿತು. ನಲವತ್ತು ಲೀಟರಿನ ಒಂದು ತೊಟ್ಟಿಗೆ ಲೆಕ್ಕ ಹಾಕಿದರೆ 1,14,400 ಲೀಟರು ನೀರಾಯಿತು. ಮಂಡ್ಯದ ನಾಲೆಗಳಿಗೆ ನೀರು ಬಿಡುವ ಕಾವೇರಿಯೇ ಬೆಂಗಳೂರಿನ ನಲ್ಲಿಗಳಿಗೂ ಬರುವವಳು. ವೈಟ್‌ಫೀಲ್ಡಿನ ಬಹುಮಹಡಿ ಮನೆಗಳ ಮುಂದೆ ಬೇಸಗೆಯಲ್ಲಿ ಟ್ಯಾಂಕರುಗಳ ಸಾಲು ನಿಲ್ಲುವುದನ್ನು ಕಂಡವರಿಗೆ ಈ ಅಂಕಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಪಂದ್ಯ ಮುಗಿದ ಸಂಜೆ ಷೆಡ್ಡಿಗೆ ಮರಳಿದ ಕಾರಿಗೆ ಇನ್ನೊಂದು ಉಪಚಾರ ಉಳಿದಿರುತ್ತದೆ. ಎಥನಾಲಿಗೆ ಗಾಳಿಯ ತೇವವನ್ನು ಕುಡಿಯುವ ಚಟ. ವಾರಗಟ್ಟಲೆ ನಿಂತರೆ ತೊಟ್ಟಿಯೊಳಗೆ ನೀರು ಸೇರುತ್ತದೆ, ಲೋಹಕ್ಕೆ ತುಕ್ಕು ಹತ್ತುತ್ತದೆ. ಆದ್ದರಿಂದ ತಿಳಿದ ಯಜಮಾನ ತೊಟ್ಟಿಯನ್ನು ಬರಿದು ಮಾಡಿ, ಸ್ವಲ್ಪ ಪೆಟ್ರೋಲು ಹಾಕಿ, ಅದು ಕೊಳವೆಗಳಲ್ಲೆಲ್ಲ ಹರಿಯುವ ತನಕ ಎಂಜಿನ್ನನ್ನು ಓಡಿಸಿ, ಆಮೇಲೆ ಮೇಲುಹೊದಿಕೆ ಎಳೆಯುತ್ತಾನೆ.