ಹಿಮೋಗ್ಲೋಬಿನ್ ಒಂದೇ ನೋಡಿದರೆ ಸಾಕೇ?

ಮಗು ಸೊರಗಿದಂತೆ ಕಂಡರೆ ಹುಬ್ಬಳ್ಳಿ-ಧಾರವಾಡದ ಕಡೆ ಮೊದಲು ಬರುವ ಮಾತು ‘ರಕ್ತ ಕಡಿಮಿ ಆಗೇತಿ’. ಚೀಟಿಯಲ್ಲಿ ಹಿಮೋಗ್ಲೋಬಿನ್ 12 ಎಂದಿದ್ದರೆ ಮನೆಯವರಿಗೆ ನೆಮ್ಮದಿ, 10 ಎಂದಿದ್ದರೆ ಕಬ್ಬಿಣಾಂಶದ ಗುಳಿಗೆ. ಆದರೆ ಈ ಒಂದೇ ಅಂಕಿಯಿಂದ ಮಗುವಿನ ಪೋಷಣೆಯನ್ನು ಅಳೆಯಲಾಗದು. ಕಬ್ಬಿಣಾಂಶ ಸಾಲದಾದಾಗ ದೇಹ ಮೊದಲು ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಆ ದಾಸ್ತಾನನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ದಾಸ್ತಾನು ಬರಿದಾದ ಮೇಲೆಯೇ ಹಿಮೋಗ್ಲೋಬಿನ್ ಇಳಿಯುವುದು. ಫೆರಿಟಿನ್ ಕೂಡ ಪೂರ್ತಿ ನಂಬಿಕಸ್ಥನಲ್ಲ. ಜ್ವರ, ಸೋಂಕು ಇದ್ದಾಗ ಅದು ಏರಿ ಕೊರತೆಯನ್ನು ಮರೆಮಾಚುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ. ದೇಶದ ಲೆಕ್ಕ ಶೇ. 67. ಆದರೆ 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ 1ರಿಂದ 4 ವರ್ಷದ ಮಕ್ಕಳಲ್ಲಿ ಕಂಡದ್ದು ಶೇ. 41 ಮಾತ್ರ. ವಯಸ್ಸಿನ ವ್ಯತ್ಯಾಸವೂ ಇದೆ; ಜೊತೆಗೆ ಮೊದಲನೆಯದು ಬೆರಳು ಚುಚ್ಚಿ ತೆಗೆದ ಹನಿ, ಎರಡನೆಯದು ರಕ್ತನಾಳದಿಂದ ತೆಗೆದ ರಕ್ತ. ಹಾಗಾದರೆ ರಕ್ತಹೀನತೆಯ ಗುಲ್ಲೇ ಉತ್ಪ್ರೇಕ್ಷೆ ಎನ್ನುವವರಿದ್ದಾರೆ. ಅಂಕಿ ಉಬ್ಬಿರಬಹುದೆಂದು ಒಪ್ಪೋಣ. ಆದರೆ ಕಡಿಮೆ ಅಂಕಿ ಕೊಟ್ಟ ಅದೇ ಸಮೀಕ್ಷೆ 10ರಿಂದ 19 ವರ್ಷದವರಲ್ಲಿ ಶೇ. 22ರಷ್ಟು ಮಂದಿಗೆ ಕಬ್ಬಿಣಾಂಶ, ಶೇ. 31ರಷ್ಟು ಮಂದಿಗೆ ಬಿ12, ಶೇ. 37ರಷ್ಟು ಮಂದಿಗೆ ಫೋಲೇಟ್ ಸಾಲದೆಂದೂ ಹೇಳಿತು. ಶಾಲೆಯಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಇವೆ, ಬಿ12 ಇಲ್ಲ.

ನಮ್ಮ ರೊಟ್ಟಿ-ಪಲ್ಯದ ಊಟಕ್ಕೇನು ಕಡಿಮೆ ಎಂದು ಕೇಳಬಹುದು. ಜೋಳ, ಹೆಸರು, ಕಡಲೆಯಲ್ಲಿ ಕಬ್ಬಿಣಾಂಶವಿದೆ. ಆದರೆ ಅವುಗಳಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ದೇಹ ಹೀರದಂತೆ ತಡೆಯುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ಇನ್ನಷ್ಟು ಕೆಡಿಸುತ್ತದೆ. ನಿಂಬೆಹಣ್ಣು ಹಿಂಡಿಕೊಂಡರೆ ಅನುಕೂಲ. ಬಿ12 ಮಾತ್ರ ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಗೆ ಬರುವ ಯಾವ ಕಾಳಿನಲ್ಲೂ ಸಿಗದು. ಹಾಲು, ಮೊಟ್ಟೆ, ಮೀನು, ಮಾಂಸದಿಂದಲೇ ಬರಬೇಕು. 2013ರ ಕ್ಷೀರಭಾಗ್ಯ, ಆಮೇಲಿನ ಶಾಲಾ ಮೊಟ್ಟೆ ಯೋಜನೆಗಳ ಬೆಲೆ ಇರುವುದು ಇಲ್ಲಿ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಅವರ ಆಚಾರಕ್ಕೆ ತೋರಿದ ಗೌರವ ನಿಜ, ಆದರೆ ಬಾಳೆಹಣ್ಣಿನಲ್ಲಿ ಬಿ12 ಇಲ್ಲ. ಆ ಮಕ್ಕಳ ಹಾಲಿನ ಲೋಟ ತಪ್ಪಬಾರದು.

ಇಷ್ಟೊಂದು ಪರೀಕ್ಷೆ ಹಮಾಲಿ ಮಾಡಿ ಬದುಕುವವರ ಕೈಗೆಟುಕುವುದೇ ಎಂಬುದು ನ್ಯಾಯವಾದ ಆಕ್ಷೇಪ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಎತ್ತರ, ತೂಕ ಅಳೆಯಲು ಖರ್ಚೇ ಇಲ್ಲ. ಹಿಮೋಗ್ಲೋಬಿನ್ ಜೊತೆಗೆ ಅವನ್ನೂ ಬರೆದಿಡಬೇಕು. ರಕ್ತಹೀನತೆಯಿರುವ ಮಗು ವೈದ್ಯರು ಹೇಳಿದಂತೆ ದಿನವೂ ಗುಳಿಗೆ ನುಂಗಿ ತಿಂಗಳಾದರೂ ಹಿಮೋಗ್ಲೋಬಿನ್ ಒಂದು ಗ್ರಾಂ ಏರದಿದ್ದರೆ, ಫೆರಿಟಿನ್, ಬಿ12 ಪರೀಕ್ಷೆಗೆ ದುಡ್ಡು ಹಾಕುವುದು ಆಗ.