ಪುಷ್ಕರದಲ್ಲಿ ಎರಡು ರಾತ್ರಿ

ಹೋಟೆಲು ನಡೆಸಿದವನು ಬೇರೆಯವರ ಹೋಟೆಲಿನಲ್ಲಿ ಇಳಿದುಕೊಂಡರೆ ಅವನಿಗೆ ವಿಶ್ರಾಂತಿಯೆಂಬುದಿಲ್ಲ. ಮಂಚದ ಮೇಲೆ ಕುಳಿತುಕೊಳ್ಳುವ ಮೊದಲೇ ಕೈ ಹಾಸಿಗೆಯ ಅಡಿಗೆ ಹೋಗುತ್ತದೆ; ಕಣ್ಣು ನಲ್ಲಿ, ಬಕೆಟು, ಕಿಟಕಿಯ ಚಿಲಕಗಳ ಮೇಲೆ ಓಡಾಡುತ್ತದೆ; ಮನಸ್ಸು ಕೋಣೆಗಳೆಷ್ಟು, ಕೆಲಸದವರೆಷ್ಟು, ದಿನದ ಗಲ್ಲೆ ಎಷ್ಟೆಂದು ಲೆಕ್ಕ ಹಾಕತೊಡಗುತ್ತದೆ. ಗಲ್ಲೆಯನ್ನು ಬಿಟ್ಟು ಪತ್ರಿಕೆಯ ಮೇಜಿಗೆ ಬಂದು ವರ್ಷಗಳಾದರೂ ನಮ್ಮ ಈ ಚಾಳಿ ಹೋಗಿಲ್ಲ. ಕಳೆದ ಮಾರ್ಗಶಿರದಲ್ಲಿ ರಾಜಸ್ಥಾನದ ಪುಷ್ಕರ ಕ್ಷೇತ್ರದಲ್ಲಿ ಎರಡು ರಾತ್ರಿ ತಂಗಿದಾಗಲೂ ಹೀಗೆಯೇ ಆಯಿತು. ಆದರೆ ಈ ಸಲದ ಲೆಕ್ಕದಲ್ಲಿ ನಮ್ಮ ಹಳೆಯ ಬಾಕಿಯೊಂದು ಹೊರಬಿದ್ದಿತು. ಅದನ್ನು ಓದುಗ ಬಂಧುಗಳ ಮುಂದೆ ಇಡುವುದೇ ಈ ಬರಹದ ಉದ್ದೇಶ.

ಸರೋವರದ ದಂಡೆ

ಅಜ್ಮೀರ ನಿಲ್ದಾಣದಲ್ಲಿ ಇಳಿದವನು ನಾಗಪಹಾಡವೆಂಬ ಬೆಟ್ಟದ ಸಾಲನ್ನು ದಾಟಿದರೆ ಪುಷ್ಕರ. ಹಾದಿ ಹದಿನೈದು ಕಿಲೋಮೀಟರಿಗಿಂತ ಹೆಚ್ಚಿಲ್ಲ, ಬಸ್ಸೇ ಸಾಕು. ಬೆಟ್ಟ ಇಳಿಯುತ್ತಿದ್ದಂತೆ ಮರಳುಗಾಡಿನ ಅಂಚಿನಲ್ಲಿ ನೀರು ಕಾಣುತ್ತದೆ. ಬ್ರಹ್ಮನು ವಜ್ರನಾಭನೆಂಬ ಅಸುರನನ್ನು ಕಮಲದಿಂದ ಹೊಡೆದು ಕೊಂದಾಗ ಅದರ ದಳಗಳು ಮೂರೆಡೆ ಉದುರಿ ಜ್ಯೇಷ್ಠ, ಮಧ್ಯಮ, ಕನಿಷ್ಠ ಎಂಬ ಮೂರು ಪುಷ್ಕರಗಳಾದುವೆಂದು ಐತಿಹ್ಯ. ಪದ್ಮಪುರಾಣವು ಈ ಕ್ಷೇತ್ರದ ಮಹಿಮೆಯನ್ನು ವಿಸ್ತಾರವಾಗಿ ಹೇಳುತ್ತದೆ. ಸರೋವರದ ಸುತ್ತ 52 ಘಾಟುಗಳಿವೆ. ಊರಿನಲ್ಲಿ ಮಾಂಸ, ಮೊಟ್ಟೆ, ಮದ್ಯಗಳಿಗೆ ಎಡೆಯಿಲ್ಲ.

ಕಾರ್ತಿಕ ಶುದ್ಧ ಏಕಾದಶಿಯಿಂದ ಹುಣ್ಣಿಮೆಯವರೆಗಿನ ಐದು ದಿನ ಇಲ್ಲಿ ಸ್ನಾನದ ಜಾತ್ರೆ. ಅದರೊಡನೆ ಒಂಟೆ, ಕುದುರೆ, ದನಗಳ ಸಂತೆಯೂ ಕೂಡಿಕೊಳ್ಳುತ್ತದೆ. ನಾವು ಹೋದುದು ಜಾತ್ರೆ ಮುಗಿದು ಜನ ಚದುರಿದ ಮೇಲೆ. ಜಾತ್ರೆಯಲ್ಲಿ ಸಾವಿರಗಟ್ಟಲೆ ಕೇಳುವ ಕೋಣೆಗಳು ಆಗ ನೂರರ ಲೆಕ್ಕಕ್ಕೆ ಇಳಿದಿರುತ್ತವೆ. ಒಂದೊಂದು ಸಮಾಜದವರು ಕಟ್ಟಿಸಿದ ಧರ್ಮಶಾಲೆಗಳು ಇಲ್ಲಿ ಹಲವಿದ್ದರೂ, ಯಾರ ಸಮಾಜಕ್ಕೂ ಸೇರದ ದಕ್ಷಿಣದ ಒಂಟಿ ಯಾತ್ರಿಕನಿಗೆ ಸಣ್ಣ ಗೆಸ್ಟ್‌ಹೌಸುಗಳೇ ಗತಿ.

ಘಾಟಿನ ಹಿಂದಿನ ಓಣಿಯಲ್ಲಿ ನಮಗೊಂದು ಕೋಣೆ ಸಿಕ್ಕಿತು. ದಿನಕ್ಕೆ 500 ರೂಪಾಯಿ. ಸುಣ್ಣ ಬಳಿದ ಗೋಡೆ, ಕಬ್ಬಿಣದ ಮಂಚ, ಒಗೆದ ಹಾಸು. ಕಿಟಕಿ ತೆರೆದರೆ ಎರಡು ಮಾಳಿಗೆಗಳ ಸಂದಿನಲ್ಲಿ ಒಂದು ಗೇಣು ಸರೋವರ. ಬಿಸಿನೀರು ಬಕೆಟಿನ ಲೆಕ್ಕದಲ್ಲಿ. ಒಟ್ಟು ಒಂಬತ್ತು ಕೋಣೆ. ಅಷ್ಟನ್ನೂ ನೋಡಿಕೊಳ್ಳಲು ಹತ್ತೊಂಬತ್ತು-ಇಪ್ಪತ್ತರ ಒಬ್ಬ ಹುಡುಗ. ಗುಡಿಸುವವನು, ಹಾಸು ಬದಲಿಸುವವನು, ಚಹಾ ತರುವವನು, ನಡುರಾತ್ರಿ ಬಾಗಿಲು ತೆರೆಯುವವನು ಎಲ್ಲವೂ ಅವನೇ. ಐನೂರು ರೂಪಾಯಿಗೆ ಇಷ್ಟು ಶುಚಿಯಾದ ಕೋಣೆ ಸಿಕ್ಕಿತಲ್ಲಾ ಎಂದು ನಾವು ಸಂತೋಷಪಟ್ಟೆವು.

ಎರಡನೆಯ ರಜಾಯಿ

ಮರಳುಗಾಡಿನ ಚಳಿ ಮುಂಬಯಿಯವರ ಊಹೆಗೆ ನಿಲುಕುವಂತಹುದಲ್ಲ. ಸೂರ್ಯ ಮುಳುಗಿದ ಎರಡು ಗಂಟೆಯೊಳಗೆ ನೆಲದ ಕಲ್ಲು ಮಂಜುಗಡ್ಡೆಯಂತಾಯಿತು. ಮಂಚದ ಮೇಲಿದ್ದ ಒಂದು ಹತ್ತಿಯ ರಜಾಯಿ ಸಾಲದೆ, ರಾತ್ರಿ ಹತ್ತರ ಸುಮಾರಿಗೆ ಹುಡುಗನನ್ನು ಕರೆದು ಇನ್ನೊಂದು ಬೇಕೆಂದೆವು. ಅವನು ಒಂದು ಕ್ಷಣ ನಿಂತು, “ತರುತ್ತೇನೆ ಬಾಬೂಜಿ” ಎಂದು ಹೋಗಿ, ಕೂಡಲೇ ತಂದುಕೊಟ್ಟ. ಅದು ಸ್ವಲ್ಪ ಬೆಚ್ಚಗೇ ಇದ್ದಿತು. ಆ ಬೆಚ್ಚಗಿನ ಅರ್ಥವನ್ನು ತಿಳಿಯುವಷ್ಟು ಎಚ್ಚರ ನಮಗಿರಲಿಲ್ಲ. ಹೊದ್ದು ಮಲಗಿದೆವು, ನಿದ್ದೆ ಸೊಗಸಾಗಿ ಬಂದಿತು.

ಬೆಳಗಿನ ಐದಕ್ಕೆ ಸ್ನಾನಕ್ಕೆಂದು ಕೆಳಗಿಳಿದೆವು. ಮೆಟ್ಟಿಲ ಬುಡದಲ್ಲಿ, ಪಾದರಕ್ಷೆಗಳ ಗೂಡಿನ ಪಕ್ಕದಲ್ಲಿ, ಒಂದು ಮುದ್ದೆ ಕಂಡಿತು. ಮೊದಲು ಒಗೆಯುವ ಬಟ್ಟೆಯ ಗಂಟೆಂದು ತಿಳಿದೆವು. ಗಂಟು ಅಲುಗಿತು. ನಮ್ಮ ಹುಡುಗ! ಕೆಳಗೆ ಗೋಣಿತಟ್ಟು, ಮೇಲೆ ಹಳೆಯ ಕಿಟಕಿಯ ಪರದೆ ಎರಡು ಮಡಿಕೆ. ಮೊಣಕಾಲನ್ನು ಗಲ್ಲಕ್ಕೆ ತಾಗಿಸಿ ಮಲಗಿದ್ದ. ರಾತ್ರಿ ನಾವು ಹೊದ್ದುದು ಅವನ ರಜಾಯಿಯೆಂದು ಆಗ ತಿಳಿಯಿತು.

ಎಬ್ಬಿಸಿ, “ಇದೇನಪ್ಪ, ನಿನ್ನದನ್ನು ಏಕೆ ಕೊಟ್ಟೆ?” ಎಂದು ಕೇಳಿದೆವು.

“ಗಿರಾಕಿ ಕೇಳಿದರೆ ಇಲ್ಲವೆನ್ನಬಾರದಲ್ಲ ಬಾಬೂಜಿ. ನನಗೆ ಅಭ್ಯಾಸವಿದೆ” ಎಂದು ಪರದೆಯನ್ನು ಮಡಿಸಿಟ್ಟು ಚಹಾ ತರಲು ಹೊರಟ. ನಾವು ಮೇಲೆ ಹೋಗಿ ರಜಾಯಿ ತಂದು ಅವನ ಜಾಗದಲ್ಲಿಟ್ಟು ಘಾಟಿನ ಕಡೆ ನಡೆದೆವು.

ಘಾಟು ಮತ್ತು ಗುಡಿ

ನೀರಿಗೆ ಕಾಲಿಡುವ ಮೊದಲೇ ಒಬ್ಬ ಪುರೋಹಿತರು ಬಳಿಗೆ ಬಂದರು. ಊರು ಯಾವುದು, ಗೋತ್ರ ಯಾವುದು ಎಂದು ಕೇಳಿ, ಅಂಗೈಗೆ ಹೂ, ನೀರು ಸುರಿದು ಸಂಕಲ್ಪ ಹೇಳಿಸಿದರು. ಸಂಕಲ್ಪದ ನಡುವೆಯೇ ತಂದೆತಾಯಿಗಳ ಹೆಸರಿನಲ್ಲಿ ಎಷ್ಟು ಮಂದಿಗೆ ಅನ್ನದಾನವೆಂಬ ಪ್ರಶ್ನೆ ಬಂದಿತು. ಮೊತ್ತ ಸಾವಿರಗಳಿಂದ ಆರಂಭವಾಯಿತು. ಕೈಯಲ್ಲಿ ನೀರು ಹಿಡಿದು ನಿಂತವನು ಇಲ್ಲವೆನ್ನಲಾರನೆಂಬುದು ಈ ವ್ಯವಹಾರದ ಮರ್ಮ. ನಾವು ಇನ್ನೂರು ರೂಪಾಯಿ ಕೊಟ್ಟು ನಮಸ್ಕರಿಸಿದೆವು. ಕೈಗೆ ಕಟ್ಟುವ ಕೆಂಪು ದಾರಕ್ಕೆ ಇಲ್ಲಿ ‘ಪುಷ್ಕರದ ಪಾಸ್‌ಪೋರ್ಟ್’ ಎಂಬ ಹೆಸರು. ಅದು ಕೈಯಲ್ಲಿದ್ದರೆ ಮತ್ತೊಬ್ಬರು ತಡೆಯುವುದಿಲ್ಲವಂತೆ.

ಬ್ರಹ್ಮನ ಗುಡಿ ಊರಿನ ಪಶ್ಚಿಮದಲ್ಲಿದೆ. ಕೆಂಪು ಶಿಖರ, ಬಾಗಿಲಲ್ಲಿ ಹಂಸ, ನೆಲದಲ್ಲಿ ಹುದುಗಿಸಿದ ಬೆಳ್ಳಿಯ ಆಮೆ. ದೇಶದಲ್ಲಿ ಬ್ರಹ್ಮನಿಗೆ ಇದೊಂದೇ ಗುಡಿಯೆಂಬ ಮಾತು ಪೂರ್ತಿ ಸರಿಯಲ್ಲ. ಗುಜರಾತಿನ ಖೇಡಬ್ರಹ್ಮದಲ್ಲಿಯೂ, ತಮಿಳುನಾಡಿನ ಕುಂಭಕೋಣದಲ್ಲಿಯೂ ಗುಡಿಗಳಿವೆ. ಯಜ್ಞಕ್ಕೆ ಬರುವುದು ತಡವಾದ ಸಾವಿತ್ರಿಯ ಜಾಗದಲ್ಲಿ ಗಾಯತ್ರಿಯನ್ನು ಕೂರಿಸಿದ್ದಕ್ಕೆ ಮುನಿದ ಸಾವಿತ್ರಿ, ಶಾಪವಿತ್ತು ರತ್ನಗಿರಿಯ ಮೇಲೆ ನೆಲಸಿದಳೆಂದು ಕಥೆ. ಮೆಟ್ಟಿಲೇರಲಾರದವರಿಗೆ 2016ರಿಂದ ತಂತಿಯ ತೊಟ್ಟಿಲು ನಡೆಯುತ್ತಿದೆ. ರಂಗಜಿಯ ದೇವಾಲಯದ ಮುಂದೆ ಬಂದಾಗ ಮಾತ್ರ ನಮ್ಮ ಕಾಲು ತಾನೇ ನಿಂತಿತು. ಹೈದರಾಬಾದಿನ ಸೇಠರೊಬ್ಬರು 19ನೆಯ ಶತಮಾನದಲ್ಲಿ ಕಟ್ಟಿಸಿದ ಈ ಗುಡಿಗೆ ನಮ್ಮ ಕಡೆಯಂತಹ ಗೋಪುರವಿದೆ. ಮರಳುಗಾಡಿನಲ್ಲಿ ಗೋಪುರ ಕಂಡವನಿಗೆ ಊರು ನೆನಪಾಗದಿರುತ್ತದೆಯೇ? ಬಜಾರಿನಲ್ಲಿ ಬಿಸಿ ಮಾಲಪುವಾ ತಿಂದೆವು. ಗುಲಾಬಿಯ ತೋಟಗಳಿಗೂ ಪುಷ್ಕರ ಹೆಸರಾದುದು. ಮನೆಗೆಂದು ಗುಲ್ಕಂದವನ್ನೂ ಕೊಂಡೆವು. ಆದರೆ ಮೆಟ್ಟಿಲ ಬುಡದ ಆ ಮುದ್ದೆ ಕಣ್ಣಿನಿಂದ ಹೋಗಲಿಲ್ಲ.

ಮಾಲಿಕರ ಲೆಕ್ಕ

ಮಧ್ಯಾಹ್ನ ಮಾಲಿಕರೊಡನೆ ಮಾತಿಗೆ ಕುಳಿತೆವು. ಹೋಟೆಲಿನವನೊಡನೆ ಹೋಟೆಲಿನವನು ಮಾತನಾಡಿದರೆ ಗುಟ್ಟು ಉಳಿಯುವುದಿಲ್ಲ. ಕಟ್ಟಡ ಗುತ್ತಿಗೆಯದು. ಜಾತ್ರೆಯ ಐದಾರು ದಿನಗಳ ಗಳಿಕೆ ಗುತ್ತಿಗೆಯ ಹಣಕ್ಕೆ ಸರಿಹೋಗುತ್ತದೆ; ಉಳಿದ ದಿನಗಳಲ್ಲಿ ಒಂಬತ್ತರಲ್ಲಿ ನಾಲ್ಕು ಕೋಣೆ ತುಂಬಿದರೆ ಪುಣ್ಯ. ಮೊಬೈಲಿನಲ್ಲಿ ಗಿರಾಕಿ ಕಳುಹಿಸುವ ಕಂಪೆನಿಯವರು ತಮ್ಮ ಪಾಲನ್ನು ಮೊದಲೇ ಹಿಡಿದುಕೊಳ್ಳುತ್ತಾರೆ. 2009ರಲ್ಲಿ ಹೂಳೆತ್ತುವ ಕೆಲಸದ ನಡುವೆ ಮಳೆ ಕೈಕೊಟ್ಟು ಸರೋವರವೇ ಬತ್ತಿತು. ಯಾತ್ರಿಕರು ದಂಡೆಯ ಸಣ್ಣ ತೊಟ್ಟಿಗಳಲ್ಲಿ ಮುಳುಗು ಹಾಕಿದರು. 2020ರಲ್ಲಿ ಕೊರೊನಾದಿಂದ ಜಾತ್ರೆಯೇ ನಡೆಯಲಿಲ್ಲ. “ಅಂತಹ ಒಂದು ವರ್ಷದ ಗುಂಡಿಯನ್ನು ಮುಚ್ಚಲು ನಾಲ್ಕು ವರ್ಷ ಬೇಕು” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಲೆಕ್ಕದ ಒಂದೊಂದು ಸಾಲೂ ನಮಗೆ ಪರಿಚಿತ.

ಮಾಲಿಕರು ಕೆಟ್ಟವರೂ ಅಲ್ಲ. ಪ್ರತಿ ಬೆಳಿಗ್ಗೆ ಘಾಟಿನ ಪಾರಿವಾಳಗಳಿಗೆ ಒಂದು ಸೇರು ಜೋಳ ಚೆಲ್ಲದೆ ಅವರು ಚಹಾ ಕುಡಿಯುವುದಿಲ್ಲ. ಹುಡುಗನಿಗೆ ಸಂಬಳ ತಪ್ಪಿಸಿದವರಲ್ಲ. ಎರಡು ಹೊತ್ತು ಊಟ ತಮ್ಮ ಮನೆಯಿಂದಲೇ ಕಳುಹಿಸುತ್ತಾರೆ. ರಜಾಯಿಯ ಸಂಗತಿಯನ್ನು ಮೆಲ್ಲಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು.

“ಅವನು ನನಗೆ ಹೇಳಲೇ ಇಲ್ಲವಲ್ಲ!” ಎಂದರು.

ಈ ಮಾತನ್ನು ನಾವು ಮೊದಲು ಕೇಳಿದ್ದೆವು. ಬೇರೆಯವರ ಬಾಯಿಂದಲ್ಲ, ನಮ್ಮ ಬಾಯಿಂದಲೇ.

ಅಕ್ಕಿಯ ಮೂಟೆ

2005ರ ಜುಲೈ 26ರ ಮಳೆಯನ್ನು ಮುಂಬಯಿಯ ಯಾವ ಕನ್ನಡಿಗನೂ ಮರೆತಿರಲಾರನು. ಸಾಂತಾಕ್ರೂಸಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮಳೆ. ಆಗ ಉಪನಗರದಲ್ಲಿ ನಮ್ಮ ಹೋಟೆಲಿದ್ದಿತು. ನಾವು ಗಲ್ಲೆಯಲ್ಲಿ ಕುಳಿತು ಎರಡು ವರ್ಷವಾಗಿರಬಹುದು. ಆರು ಮಂದಿ ಹುಡುಗರು ರಾತ್ರಿ ಷಟರ್ ಎಳೆದ ಮೇಲೆ ಮೇಜುಗಳನ್ನು ಜೋಡಿಸಿ ಅವುಗಳ ಮೇಲೆಯೇ ಮಲಗುತ್ತಿದ್ದರು. ಎಲ್ಲ ಹೋಟೆಲುಗಳಲ್ಲಿಯೂ ಅದೇ ಪದ್ಧತಿ. ಅದು ಸರಿಯೋ ತಪ್ಪೋ ಎಂದು ನಾವು ಯೋಚಿಸಿದವರೇ ಅಲ್ಲ.

ನಾವು ಮನೆಯಲ್ಲಿ ಸಿಕ್ಕಿಬಿದ್ದು ಮೂರನೆಯ ದಿನ ಹೋಟೆಲಿಗೆ ಬಂದೆವು. ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಕೆಸರಿನ ಗೆರೆ. ಬಾಗಿಲಲ್ಲಿ ನಿಂತು ನಾವು ಕೇಳಿದ ಮೊದಲ ಪ್ರಶ್ನೆ, “ಅಕ್ಕಿ ನೆನೆಯಿತೇನೋ?”

ಕುಂದಾಪುರದ ಕಡೆಯ ಒಬ್ಬ ಹುಡುಗ, “ಇಲ್ಲ ಧಣಿ, ಮೂಟೆಗಳನ್ನು ಮೇಜಿನ ಮೇಲೆ ಇಟ್ಟಿದ್ದೇವೆ” ಎಂದ. ನಮಗೆ ಸಮಾಧಾನವಾಯಿತು. ಮೇಜಿನ ಮೇಲೆ ಮೂಟೆಯಿದ್ದರೆ ಹುಡುಗರು ಎಲ್ಲಿದ್ದರೆಂಬ ಪ್ರಶ್ನೆ ನಮಗೆ ಹೊಳೆಯಲಿಲ್ಲ. ಅವರು ರಾತ್ರಿಯೆಲ್ಲ ನೀರಿನಲ್ಲಿ ನಿಂತಿದ್ದರೆಂಬುದು ಗೊತ್ತಾದುದು ವಾರದ ಮೇಲೆ, ಆ ಹುಡುಗ ಜ್ವರದಿಂದ ಮಲಗಿದಾಗ. ಆಗ ನಾವು ಆಡಿದ ಮಾತು ಅದೇ: “ನನಗೆ ಹೇಳಲೇ ಇಲ್ಲವಲ್ಲ!” ಟಿಕೆಟು ಕೊಡಿಸಿ ಊರಿಗೆ ಕಳುಹಿಸಿದೆವು. ಅವನು ಗುಣವಾದನೆಂದು ಕೇಳಿದೆವು. ಆದರೆ ನಮ್ಮ ಹೋಟೆಲಿಗೆ ಮತ್ತೆ ಬರಲಿಲ್ಲ. ಕ್ಷಮೆ ಕೇಳುವ ಸಂದರ್ಭ ನಮಗೆ ಒದಗಲಿಲ್ಲ, ಎನ್ನುವುದಕ್ಕಿಂತ ನಾವು ಒದಗಿಸಿಕೊಳ್ಳಲಿಲ್ಲವೆಂಬುದೇ ಸತ್ಯ.

ಹೇಳುವವನು ಹೇಗೆ ಹೇಳಿಯಾನು? ಕೆಲಸ ಹೋದೀತೆಂಬ ಭಯ ಒಂದು. ಯಜಮಾನನ ಕಣ್ಣಿಗೆ ಕಾಣುವುದನ್ನು ಬಾಯಿಬಿಟ್ಟು ಹೇಳುವುದೇಕೆಂಬ ಸಂಕೋಚ ಇನ್ನೊಂದು. ನೋಡುವುದು ಗಲ್ಲೆಯಲ್ಲಿ ಕುಳಿತವನ ಕೆಲಸ. ಒಂದು ಚಮಚ ಕಳೆದರೆ ನಮಗೆ ಗೊತ್ತಾಗುತ್ತಿತ್ತು.

ಎರಡನೆಯ ರಾತ್ರಿ

ಆ ಸಂಜೆ ಬಜಾರಿನಲ್ಲಿ ಒಂದು ರಜಾಯಿ ಕೊಂಡು ತಂದೆವು. ಆದರೆ ನಾವು ಗೆಸ್ಟ್‌ಹೌಸಿಗೆ ಬರುವಷ್ಟರಲ್ಲಿ ಮಾಲಿಕರು ತಮ್ಮ ಮನೆಯಿಂದ ಒಂದು ಹಾಸಿಗೆ ಕಳುಹಿಸಿದ್ದರು. ಮಾಳಿಗೆಯ ಮೇಲಿನ ಸಾಮಾನಿನ ಕೋಣೆಯನ್ನು ತೆರವು ಮಾಡಿಸುವ ಮಾತನ್ನೂ ಆಡಿದರು. ಅದು ನಡೆಯಿತೋ ಇಲ್ಲವೋ ನೋಡಲು ನಾವು ಅಲ್ಲಿ ಉಳಿಯಲಿಲ್ಲ. ಒಂದು ರಜಾಯಿಯಿಂದ ಹಳೆಯ ಬಾಕಿ ತೀರಿತೆಂದೂ ನಾವು ಹೇಳುವುದಿಲ್ಲ.

ರಾತ್ರಿ ಹುಡುಗನೊಡನೆ ಸ್ವಲ್ಪ ಹೊತ್ತು ಮಾತನಾಡಿದೆವು. ಅವನು ನಾಗೌರ ಜಿಲ್ಲೆಯ ಹಳ್ಳಿಯವನು. ಹತ್ತನೆಯ ತರಗತಿ ಮುಗಿಸಿದ್ದಾನೆ. ಬಂದು ಎರಡು ವರ್ಷ. ಭಾನುವಾರ ತಾಯಿಗೆ ಫೋನು ಮಾಡುತ್ತಾನೆ.

“ಇಲ್ಲಿನ ಚಳಿಯ ವಿಷಯ ಹೇಳುತ್ತೀಯಾ?”

“ಇಲ್ಲ ಬಾಬೂಜಿ. ನನಗೂ ಒಂದು ಕೋಣೆ ಕೊಟ್ಟಿದ್ದಾರೆ, ಕಿಟಕಿಯಿಂದ ಸರೋವರ ಕಾಣುತ್ತದೆ ಎಂದು ಹೇಳಿದ್ದೇನೆ.”

ಈ ಉತ್ತರವನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ. ಮುಂಬಯಿ, ಪುಣೆ, ಚೆನ್ನೈಗಳಿಂದ ಊರಿನ ಎಷ್ಟೋ ತಾಯಂದಿರಿಗೆ ಇಂತಹ ಕೋಣೆಗಳ ಸುದ್ದಿ ಹೋಗಿದೆ.

ಹೋಗುವವರಿಗೆ ನಾಲ್ಕು ಮಾತು

ಪುಷ್ಕರಕ್ಕೆ ಹೋಗಬೇಕೆನ್ನುವವರಿಗೆ ದಾರಿ ಸುಲಭ. ಮುಂಬಯಿಯಿಂದ ಅಜ್ಮೀರಕ್ಕೆ ನೇರ ರೈಲುಗಳಿವೆ. ಮೈಸೂರು-ಅಜ್ಮೀರ ರೈಲು ಹುಬ್ಬಳ್ಳಿ, ಬೆಳಗಾವಿ, ಪುಣೆಗಳ ಮೇಲೆ ಹೋಗುವುದರಿಂದ ಊರಿನಿಂದ ಹೊರಡುವವರಿಗೂ, ಪುಣೆಯವರಿಗೂ ಅನುಕೂಲ. ಜಾತ್ರೆಯ ಸಂಭ್ರಮ ನೋಡಬೇಕಾದರೆ ಕಾರ್ತಿಕ; ಕಡಿಮೆ ಖರ್ಚಿನಲ್ಲಿ ಶಾಂತವಾಗಿ ಇರಬೇಕಾದರೆ ಅದರ ಮುಂದಿನ ತಿಂಗಳು. ಘಾಟಿನಲ್ಲಿ ಕೊಡುವ ದಕ್ಷಿಣೆಯನ್ನು ಕೈಗೆ ನೀರು ಬೀಳುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹೊದಿಕೆಯನ್ನು ಮನೆಯಿಂದಲೇ ಒಯ್ಯಿರಿ. ಸಾಲದೆ ಇನ್ನೊಂದು ಕೇಳಬೇಕಾಗಿ ಬಂದರೆ, ತಂದುಕೊಟ್ಟವನನ್ನು ಅದು ಯಾರದೆಂದು ಕೇಳಿ. ಈ ಪತ್ರಿಕೆಯನ್ನು ಗಲ್ಲೆಯಲ್ಲಿ ಕುಳಿತು ಓದುತ್ತಿರುವ ಮಾಲಿಕ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೇ: ಇಂದು ರಾತ್ರಿ ಲೆಕ್ಕ ಮುಗಿಸಿದ ಮೇಲೆ ಕೂಡಲೇ ಮನೆಗೆ ಹೊರಡಬೇಡಿ. ಷಟರ್ ಎಳೆದ ನಂತರ ಅರ್ಧ ಗಂಟೆ ಒಳಗೇ ನಿಂತು, ನಿಮ್ಮ ಹುಡುಗರು ಎಲ್ಲಿ ಮಲಗುತ್ತಾರೆ, ಏನು ಹೊದೆಯುತ್ತಾರೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿ.