ರೊಪ್ಪದ ಬಾಗಿಲಲ್ಲೇ ರೋಗಕ್ಕೆ ತಡೆ

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಬೆಟ್ಟದ ಸುತ್ತಲಿನ ಮೊಳಕಾಲ್ಮುರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಮಳೆ ಕೈಕೊಟ್ಟ ವರ್ಷ ಮನೆ ನಡೆಸುವುದು ಕುರಿ. ಶೇಂಗಾ ಒಣಗಿದರೂ ಒಂದೆರಡು ಟಗರು ಮಾರಿ ಸಾಲದ ಕಂತು ಕಟ್ಟಬಹುದು. ಕುರುಬರು, ಕಾಡುಗೊಲ್ಲರು ಮುಳ್ಳುಬೇಲಿ ಕಟ್ಟಿ ಕಾಯುವ ರೊಪ್ಪಕ್ಕೆ ತೋಳ ನುಗ್ಗುವುದು ಕಷ್ಟ. ಹಿರೇಬೇನೆ ಮಾತ್ರ ಸಂತೆಯಿಂದ ತಂದ ಹೊಸ ಕುರಿಯ ಜೊತೆ ಬಾಗಿಲಿಂದಲೇ ಒಳಗೆ ಬರುತ್ತದೆ.

ಪಿಪಿಆರ್ ಎಂದು ವೈದ್ಯರು ಕರೆಯುವುದು ಈ ಹಿರೇಬೇನೆಯನ್ನೇ. ಜ್ವರ, ಕಣ್ಣು ಮೂಗಿನಲ್ಲಿ ಸುರಿತ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ವೈರಸ್ ಬಿಸಿಲಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಉಸಿರು, ಸಿಂಬಳದಿಂದ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಹೀಗಾಗಿ ಹೊಸ ಕುರಿಯನ್ನು ಮೂರು ವಾರ ಬೇರೆ ಕಟ್ಟಿ, ಮೇವು ನೀರು ಬೇರೆ ಕೊಡುವ ಪದ್ಧತಿಗೆ ಯಾವ ಔಷಧಿಗೂ ಇಲ್ಲದ ಬೆಲೆಯಿದೆ. ಕಾಸು ಖರ್ಚಿಲ್ಲದ ಈ ಕೆಲಸವನ್ನೇ ಜನ ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಎರಡನೆಯ ಕಾವಲು ಲಸಿಕೆ. ಕರ್ನಾಟಕದಲ್ಲಿ ಅದರ ಬೇರು ಹುಡುಕಿದರೆ ಬೆಂಗಳೂರಿನ ಹೆಬ್ಬಾಳ ಸಿಗುತ್ತದೆ. ದನಗಳ ದೊಡ್ಡರೋಗವನ್ನು ತಡೆಯಲು 1925ರಲ್ಲಿ ಶುರುವಾದ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಇಂದು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ಅಳಿಯಿತು. ಹಿರೇಬೇನೆಯ ವೈರಸ್ ಅದೇ ವಂಶದ್ದು. 2030ರೊಳಗೆ ಅದನ್ನೂ ಅಳಿಸುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಗುರಿ. ಹೆಬ್ಬಾಳದಲ್ಲಿ ಇದರ ಲಸಿಕೆಯೂ ತಯಾರಾಗುತ್ತದೆ. ಒಮ್ಮೆ ಹಾಕಿಸಿದರೆ ಮೂರು ವರ್ಷ ರಕ್ಷಣೆ. ಆದರೆ ಲಸಿಕೆಯಲ್ಲಿರುವುದು ಜೀವಂತ ವೈರಸ್, ಬಿಸಿ ತಾಕಿದರೆ ಕೆಡುತ್ತದೆ. ಐಸ್ ಪೆಟ್ಟಿಗೆಯಲ್ಲೇ ಹಳ್ಳಿಗೆ ಬರಬೇಕು, ದ್ರಾವಣ ಬೆರೆಸಿದ ಮೇಲೆ ಬೇಗ ಮುಗಿಯಬೇಕು. ಮಂದೆ ಮೇಯಲು ಹೊರಡುವ ಮೊದಲೇ, ನಸುಕಿನಲ್ಲಿ ಸೂಜಿ ಹಿಡಿಯುವುದು ಅದಕ್ಕೇ.

ಕರುಳುಬೇನೆಯ ದಾರಿ ಬೇರೆ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನು ಹಸಿದ ಕುರಿ ಮಿತಿಮೀರಿ ಮೇದಾಗ ಕರುಳಿನ ಬ್ಯಾಕ್ಟೀರಿಯಾ ವಿಷ ಉಗುಳುತ್ತದೆ. ಸಂಜೆ ಚೆನ್ನಾಗಿದ್ದ ಮರಿ ಬೆಳಗ್ಗೆ ಸತ್ತಿರುತ್ತದೆ. ಇದಕ್ಕೆ ಮುಂಗಾರಿಗೆ ಮುನ್ನವೇ ಲಸಿಕೆ ಬೇಕು. ಮಳೆಯ ನಂತರದ ನೀಲಿ ನಾಲಿಗೆ ರೋಗವನ್ನು ಹರಡುವುದು ಕಚ್ಚುವ ಸಣ್ಣ ನೊಣ. ರೊಪ್ಪವನ್ನು ಕೆಸರಿನಿಂದ ದೂರ, ಎತ್ತರದ ಜಾಗದಲ್ಲಿ ಹಾಕಿದರೆ ಅದರ ಕಾಟ ಕಡಿಮೆ. ನೆರಡಿ (ಆಂತ್ರಾಕ್ಸ್) ರೋಗದಿಂದ ಸತ್ತಿದೆ ಎಂಬ ಅನುಮಾನ ಬಂದರೆ ಕುರಿಯನ್ನು ಕೊಯ್ಯಲೇಬಾರದು, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಈ ರೋಗದ ಬೀಜಾಣು ಮಣ್ಣಲ್ಲಿ ದಶಕಗಟ್ಟಲೆ ಬದುಕುತ್ತದೆ.

ಹಂದಿ ಸಾಕುವವರಿಗೆ ಆಫ್ರಿಕನ್ ಹಂದಿಜ್ವರದ ಎದುರು ಇಲ್ಲಿ ಲಸಿಕೆಯ ಆಸರೆಯೂ ಇಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಂಡ ಈ ರೋಗ 2022ರಲ್ಲಿ ಕೊಡಗಿನ ಪಕ್ಕದ ವಯನಾಡಿಗೆ ಬಂತು. ಬೇಯಿಸದ ಮುಸುರೆ ಹಾಕದಿರುವುದು, ಬಾಗಿಲಲ್ಲಿ ಕಾಲು ಅದ್ದಲು ಔಷಧಿ ನೀರಿನ ತೊಟ್ಟಿ, ಹೊರಗಿನ ಗಾಡಿಗೆ ತಡೆ ಇವೇ ಅವರ ಕಾವಲು.

ಮೇವು ಹುಡುಕಿ ಊರೂರು ಅಲೆಯುವ ಕುರಿ ಮಂದೆಗೆ ಇಂಥ ಬಾಗಿಲೇ ಇಲ್ಲ. ರಾತ್ರಿ ಯಾರದೋ ಹೊಲದಲ್ಲಿ ತರುಬುತ್ತದೆ, ಕೆರೆ ಅಂಗಳದಲ್ಲಿ ಬೇರೆ ಮಂದೆಗಳ ಜೊತೆ ಬೆರೆಯುತ್ತದೆ. ಚಳ್ಳಕೆರೆಯ ಅಮೃತಮಹಲ್ ಕಾವಲು ಎಂಬ ಹುಲ್ಲುಗಾವಲುಗಳ ಸಾವಿರಾರು ಎಕರೆ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೆ ಹೋದ ಮೇಲೆ ಮೇಯಲು ಉಳಿದ ಜಾಗವೂ ಕಿರಿದಾಗಿದೆ. ಊರಲ್ಲಿ ಲಸಿಕೆ ಹಾಕುವ ದಿನ ಮಂದೆ ದೂರದಲ್ಲಿದ್ದರೆ ಆ ಸರದಿ ತಪ್ಪಿತೆಂದೇ ಅರ್ಥ. ಗುಳೆ ಹೊರಡುವ ಮುನ್ನವೇ ಸೂಜಿ ಆಗಬೇಕು. ತಪ್ಪಿದವಕ್ಕೆ ಅವು ಬೀಡುಬಿಟ್ಟ ಹೊಲಕ್ಕೇ ಐಸ್ ಪೆಟ್ಟಿಗೆ ಹೋಗಬೇಕು, ಅದು ಯಾವ ತಾಲ್ಲೂಕಿನದಾದರೂ ಸರಿ.